ಧನಲಕ್ಷ್ಮಿಯ ಎಡಗೈ

ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಧನಲಕ್ಷ್ಮಿಗೆ ಕೂತು ಅಭ್ಯಾಸವೇ ಇರಲಿಲ್ಲ. ಮಂಡಿ ಸವೆದಿದೆ, ಹೀಗೇ ನಿಂತು ಕೆಲಸ ಮಾಡಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೆದರಿಸಿದ ಮೇಲೆ ಐವತ್ತಾರಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡು ಬಾಗಲಗುಂಟೆಯ ಮನೆಯಲ್ಲಿ ಉಳಿದಳು. ಗಂಡ ಕಾಶಿನಾಥ ಯಶವಂತಪುರದ ಪ್ರಿಂಟಿಂಗ್ ಪ್ರೆಸ್ಸಿಗೆ ಎಂಟಕ್ಕೆಲ್ಲ ಹೊರಟುಬಿಡುತ್ತಿದ್ದ. ಒಂಬತ್ತಕ್ಕೆ ಮನೆಗೆಲಸ ಮುಗಿಯುತ್ತಿತ್ತು. ಆಮೇಲೆ ಅವಳು ಗೇಟಿಗೆ ಬರುವಳು, ಒಳಗೆ ಹೋಗುವಳು, ಬಟ್ಟೆ ಒಣಗಿತೇ ಎಂದು ಟೆರೇಸಿಗೆ ಹತ್ತುವಳು. ಬಟ್ಟೆ ಹರವಿ ಅರ್ಧ ಗಂಟೆಯೂ ಆಗಿರುತ್ತಿರಲಿಲ್ಲ. ಟಿವಿ ಹಾಕಿದರೆ ಧಾರಾವಾಹಿಯಲ್ಲಿ ಯಾರೋ ಅಳಲು ಶುರುಮಾಡುವಷ್ಟರಲ್ಲಿ ಎದ್ದುಬಿಡುವಳು. ಬಸ್ಸು ಹತ್ತಿ ಎಲ್ಲಾದರೂ ಹೋಗಿಬರೋಣವೆಂದರೆ ಅದಕ್ಕೂ ಮನಸ್ಸು ಒಪ್ಪದು. ಇನ್ಯಾರೋ ಟಿಕೆಟ್ ಕೊಡುತ್ತಿರುವಾಗ ತಾನು ಸೀಟಿನಲ್ಲಿ ಕೈಕಟ್ಟಿ ಕೂರುವುದನ್ನು ನೆನೆದರೇ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಏಳು ತಿಂಗಳಾದರೂ ಬಸ್ಸಿನ ಮೆಟ್ಟಿಲು ತುಳಿದಿರಲಿಲ್ಲ.

ಮಹಡಿಯ ಮೇಲೆ ಬಾಡಿಗೆಗಿದ್ದ ಜೀಷಾನ್ ಹಲ್ಲುಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಲ್ಯಾಬಿನವರು ಅವನನ್ನು ಆರು ತಿಂಗಳಿಗೆಂದು ಹೈದರಾಬಾದಿಗೆ ಕಳಿಸಿದರು. ಅವನ ಮನೆಯ ಮುಂದಿನ ಕೋಣೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಿತ್ತು. ಅದರ ತುಂಬ ಸಮುದ್ರದ ಹಾಗೆ ಉಪ್ಪು ಬೆರೆಸಿದ ನೀರು, ಕಲ್ಲುಗಳು, ಒಂದು ಮಣ್ಣಿನ ಕುಡಿಕೆ, ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆ.

"ಇದನ್ನ ಎತ್ಕೊಂಡ್ ಹೋಗೋಕಾಗಲ್ಲ ಆಂಟಿ. ನೀವೇ ನೋಡ್ಕೋಬೇಕು," ಎಂದ ಜೀಷಾನ್.

"ನಂಗೇನ್ ಗೊತ್ತಪ್ಪ ಮೀನಿನ ವಿಷ್ಯ? ನಮ್ಮನೇಲಿ ಮೀನು ತಿನ್ನೋದೂ ಇಲ್ಲ."

"ಅದಕ್ಕೇ ಧೈರ್ಯವಾಗಿ ನಿಮ್ಗೆ ಕೊಡ್ತಿರೋದು."

ಅವಳು ನಕ್ಕಳು, ಬೀಗದ ಕೈ ತೆಗೆದುಕೊಂಡಳು.

ಯಾವಾಗ ಎಷ್ಟು ಕಾಳು ಹಾಕಬೇಕು, ಆವಿಯಾದ ನೀರಿಗೆ ಬದಲು ಎಷ್ಟು ಸಿಹಿನೀರು ಸುರಿಯಬೇಕು, ವಾರಕ್ಕೊಮ್ಮೆ ಉಪ್ಪುನೀರು ಹೇಗೆ ಬದಲಿಸಬೇಕು ಎಂದೆಲ್ಲ ಒಂದು ಹಾಳೆಯಲ್ಲಿ ಬರೆದು ಅವನು ಗಾಜಿಗೆ ಅಂಟಿಸಿದ್ದ. ಮೀನು ಕಚ್ಚುತ್ತದೆ ಎಂದು ಮಾತ್ರ ಬರೆದಿರಲಿಲ್ಲ. ಗಾಜಿನ ಒಳಗಿನ ಪಾಚಿ ಉಜ್ಜಲು ಕೈ ಹಾಕಿದ ಮೊದಲ ದಿನವೇ ದೊಡ್ಡ ಮೀನು ಕುಡಿಕೆಯಿಂದ ಬಾಣದ ಹಾಗೆ ಬಂದು ಬೆರಳ ಸಂದಿಗೆ ಬಾಯಿ ಹಾಕಿತು. ಧನಲಕ್ಷ್ಮಿ ಸ್ಪಂಜು ಬಿಟ್ಟು ಕೈ ಎಳೆದುಕೊಂಡಳು. ನೋವಿಗಿಂತ ಅವಮಾನವೇ ಹೆಚ್ಚಾಯಿತು. ಬಸ್ಸಿನ ಬಾಗಿಲಲ್ಲಿ ನೇತಾಡುವ ಪುಂಡರೂ ಅವಳೆದುರು ದನಿಯೆತ್ತಿರಲಿಲ್ಲ.

ಜೀಷಾನ್‌ಗೆ ಫೋನ್ ಮಾಡಿದಳು. ಅವನು ನಕ್ಕ. "ದೊಡ್ಡದು ಹೆಣ್ಣು ಆಂಟಿ. ಆ ಕುಡಿಕೆ ಸುತ್ತ ಅವಳದೇ ಜಾಗ. ಈ ಜಾತೀಲಿ ಹುಟ್ಟೋವಾಗ ಎಲ್ಲಾ ಗಂಡೇ. ಯಾವುದು ಜೋರಾಗಿರತ್ತೋ ಅದು ಹೆಣ್ಣಾಗತ್ತೆ."

"ಹಂಗಾದ್ರೆ ಸಣ್ಣದರ ಗತಿ?"

"ಅವಳಿರೋವರ್ಗೂ ಅವನು ಸಣ್ಣೋನೇ."

ಈ ಮಾತು ಅವಳನ್ನು ಕೊರೆಯತೊಡಗಿತು. ದಿನಕ್ಕೆ ಹತ್ತು ಸಲ ಮಹಡಿ ಹತ್ತುವಳು. ದೊಡ್ಡದಕ್ಕೆ ದೊಡ್ಡಮ್ಮ, ಸಣ್ಣದಕ್ಕೆ ಚಿಕ್ಕಣ್ಣ ಎಂದು ಹೆಸರಿಟ್ಟಿದ್ದಳು. ದೊಡ್ಡಮ್ಮ ತಿರುಗಿದರೆ ಸಾಕು, ಚಿಕ್ಕಣ್ಣ ಮೈಯೆಲ್ಲ ನಡುಗಿಸಿ ಓರೆಯಾಗುತ್ತಿತ್ತು. ಕಾಳು ಬಿದ್ದರೆ ದೊಡ್ಡಮ್ಮ ತಿಂದು ಬಿಟ್ಟದ್ದೇ ಅದರ ಪಾಲು. ಪಾಪ, ಇದಕ್ಕೊಂದು ಜೊತೆ ಬೇಕು ಎಂದು ಧನಲಕ್ಷ್ಮಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಸುಮ್ಮನಿರುವುದು ಅವಳ ಜಾಯಮಾನವಲ್ಲ. ಭಾನುವಾರ ಕಾಶಿನಾಥನ ಸ್ಕೂಟರಿನಲ್ಲಿ ಆರ್.ಟಿ. ನಗರಕ್ಕೆ ಹೋಗಿ ಸಾಕುವ ಮೀನು ಮಾರುವ ಖಾದರ್ ಬಾಷಾ ಎಂಬವರ ಅಂಗಡಿ ಹುಡುಕಿದಳು.

"ಬೇಡಮ್ಮ," ಎಂದರು ಬಿಳಿ ಗಡ್ಡದ ಬಾಷಾ. "ಜೋಡಿ ಕೂಡಿಕೊಂಡಿದೆ ಅಂದ್ರೆ ಮೂರನೇದಕ್ಕೆ ಜಾಗ ಕೊಡಲ್ಲ."

"ನೂರು ಜನಾನ ಒಂದೇ ಬಸ್ಸಲ್ಲಿ ಅಡ್ಜಸ್ಟ್ ಮಾಡ್ಸಿದೀನಿ ಭಾಯ್. ಇದು ಮೂರು ಮೀನು."

"ಅವ್ರು ಇಳಿದು ಹೋಗ್ತಾರಮ್ಮ. ಇವಕ್ಕೆ ಇಳಿಯೋ ಸ್ಟಾಪಿಲ್ಲ."

ಅವಳು ಕೇಳಲಿಲ್ಲ. ಕಿರುಬೆರಳಿನಷ್ಟು ಉದ್ದದ ಮೀನೊಂದನ್ನು ತಂದು ಬಿಟ್ಟಳು.

ಎರಡು ನಿಮಿಷವೂ ಆಗಲಿಲ್ಲ. ದೊಡ್ಡಮ್ಮ ಒಂದು ಸಲ ಬಂದು ಗುದ್ದಿ ಕುಡಿಕೆಗೆ ಮರಳಿತು. ಆದರೆ ಚಿಕ್ಕಣ್ಣ ಬಿಡಲಿಲ್ಲ. ಯಾವುದರ ಮೇಲೆ ಕನಿಕರಪಟ್ಟು ಅವಳು ಇಷ್ಟೆಲ್ಲ ಮಾಡಿದ್ದಳೋ ಅದೇ ಮೀನು ಹೊಸದನ್ನು ತೊಟ್ಟಿಯುದ್ದಕ್ಕೂ ಅಟ್ಟಾಡಿಸಿ ಬಾಲ ಹರಿಯಿತು. ತನ್ನ ಕೆಳಗೊಬ್ಬ ಸಿಕ್ಕಿದ ಎನ್ನುವ ಹಾಗಿತ್ತು ಅದರ ಆರ್ಭಟ. ಸಂಜೆಯ ಹೊತ್ತಿಗೆ ಪುಟ್ಟದು ಮೇಲಿನ ಮೂಲೆಯಲ್ಲಿ, ನೀರಿನ ಅಂಚಿಗೆ ಅಂಟಿಕೊಂಡು ನಿಂತಿತ್ತು. ಧನಲಕ್ಷ್ಮಿ ಸ್ಟೂಲು ಹತ್ತಿ ಬಲೆ ಹಾಕಿದಳು. ಬಲೆ ಕಂಡು ಅದು ಮೂಲೆ ಬಿಟ್ಟು ಓಡಿದರೆ ಕೆಳಗೆ ಚಿಕ್ಕಣ್ಣ ಕಾದಿರುತ್ತಿತ್ತು. ಹಿಡಿಯಲು ಹೋದಷ್ಟೂ ಅದಕ್ಕೆ ಏಟು. ಕಾಶಿನಾಥ ಮೇಲೆ ಬಂದಾಗ ಅವಳ ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಮಂಡಿನೋವು ಅಂತ ಕೆಲ್ಸ ಬಿಟ್ಟೋಳು ಸ್ಟೂಲ್ ಮೇಲೆ ನಿಂತಿದೀಯಲ್ಲೇ! ಇಳಿ ಕೆಳಗೆ."

"ನಾನ್ ತಂದು ಸಾಯಿಸ್ತಿದೀನಿ ಕಣ್ರೀ ಅದನ್ನ."

ಮಾರನೆಯ ದಿನ ಕಾಶಿನಾಥ ಕೆಲಸಕ್ಕೆ ಹೋದದ್ದೇ ತಡ, ಮತ್ತೆ ಮೇಲೆ ಬಂದಳು. ಪುಟ್ಟದು ಇನ್ನೂ ಉಸಿರಾಡುತ್ತಿತ್ತು. ಒಂದು ಕಡೆಯ ರೆಕ್ಕೆ ಎಳೆ ಬಿಚ್ಚಿದ ಬಟ್ಟೆಯಂತಾಗಿತ್ತು. ಬಲೆ ಹಿಡಿದು ನೋಡುತ್ತಿದ್ದ ಧನಲಕ್ಷ್ಮಿಗೆ ಮೊದಲ ದಿನ ಕೈ ಕಚ್ಚಿಸಿಕೊಂಡದ್ದು ನೆನಪಾಯಿತು. ಆಮೇಲೆ ಬಳೆ ತೆಗೆದಿಟ್ಟು, ಎಡಗೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ ನೇರವಾಗಿ ಆ ಕುಡಿಕೆಯ ಬಾಯಿಗೇ ಇಟ್ಟಳು.

ಎರಡೂ ಮೀನು ಒಟ್ಟಿಗೆ ಎರಗಿದವು. ದೊಡ್ಡಮ್ಮ ಹೆಬ್ಬೆರಳ ಬುಡ ಕಚ್ಚಿ ಎಳೆಯಿತು. ಚಿಕ್ಕಣ್ಣ ಮಣಿಕಟ್ಟಿಗೆ ಬಂದಿತು. ಅವಳು ಹಲ್ಲು ಕಚ್ಚಿದಳೇ ಹೊರತು ಕೈ ತೆಗೆಯಲಿಲ್ಲ. "ಕಚ್ಚು. ಇನ್ನೂ ಕಚ್ಚು, ನೋಡೇಬಿಡೋಣ," ಎಂದು ಗೊಣಗುತ್ತ ಬೆರಳಾಡಿಸಿದಳು. ಅವು ಇನ್ನಷ್ಟು ಕೆರಳಿದವು. ಪುಟ್ಟದನ್ನು ಅಟ್ಟುವವರು ಯಾರೂ ಇಲ್ಲದ ಆ ಗಳಿಗೆಯಲ್ಲಿ ಬಲಗೈಯ ಬಲೆ ನಿಧಾನವಾಗಿ ಮೂಲೆಗೆ ಹೋಯಿತು. ಪುಟ್ಟದು ಓಡಲಿಲ್ಲ. ಓಡುವ ತ್ರಾಣವೇ ಇರಲಿಲ್ಲವೇನೋ.

ತೊಟ್ಟಿಯ ನೀರನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೀನು ಬಿಟ್ಟು, ಗಾಳಿ ಉಳಿಯುವ ಹಾಗೆ ಬಾಯಿ ಕಟ್ಟಿದಳು. ಬಾಷಾ ಫೋನಿನಲ್ಲಿ "ತಂದ್ಬಿಡಿ, ತಡ ಮಾಡ್ಬೇಡಿ" ಎಂದರು. ಆಟೋ ಒಂದೂ ಸಿಗಲಿಲ್ಲ. ಬಸ್ಸು ಬಂತು. ಯೋಚಿಸಲು ಪುರುಸೊತ್ತಿಲ್ಲದೆ ಹತ್ತಿಬಿಟ್ಟಳು.

"ಆಧಾರ್ ತೋರ್ಸಿ ಅಮ್ಮ," ಎಂದ ಕಂಡಕ್ಟರ್, ಹೆಂಗಸರ ಉಚಿತ ಟಿಕೆಟ್ ಕೊಟ್ಟು ಮುಂದೆ ಹೋದ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬ್ರೇಕು ಬಿದ್ದಾಗಲೆಲ್ಲ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿಯುವಳು. ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಕಡೆಯ ಬಸ್ಸು ಹತ್ತಿದಳು. ಮುಂದಿನ ಸ್ಟಾಪಿನಲ್ಲಿ ಜನ ಬಾಗಿಲಲ್ಲೇ ಜಮಾಯಿಸಿ ನಿಂತರು, ಬಸ್ಸು ಹೊರಡಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಒಳಗೆ ಹೋಗ್ರಪ್ಪಾ! ಮಧ್ಯ ಪೂರ್ತಿ ಖಾಲಿ ಇದೆ, ನಡೀರಿ ನಡೀರಿ!"

ಜನ ಸರಿದರು. ಈ ಬಸ್ಸಿನ ಕಂಡಕ್ಟರ್ ಹುಡುಗಿ ತಿರುಗಿ ನೋಡಿ, "ಯಾವ ಡಿಪೋ ಮೇಡಂ?" ಎಂದು ನಕ್ಕಳು. ಧನಲಕ್ಷ್ಮಿಗೆ ಕಣ್ಣು ತುಂಬಿಬಂದು ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು.

ಬಾಷಾ ಪುಟ್ಟದನ್ನು ಬೇರೆ ತೊಟ್ಟಿಗೆ ಬಿಟ್ಟು ಮದ್ದು ಹಾಕಿದರು. "ಉಳಿದ್ರೂ ಉಳೀಬಹುದು," ಎಂದರು. ಆಮೇಲೆ ಅವಳ ಎಡಗೈ ನೋಡಿದರು. ಬೆರಳ ಸಂದಿಗಳು ಕೆಂಪಾಗಿ ತರಚಿದ್ದವು. ಅವಳು ನಡೆದದ್ದು ಹೇಳಿದಳು. ಬಾಷಾ ಗಡ್ಡ ನೀವಿಕೊಂಡರು.

"ಮನೆಮನೆಗೆ ಹೋಗಿ ತೊಟ್ಟಿ ತೊಳೆಯೋಕೆ ನಂಗೆ ಜನ ಸಿಗ್ತಿಲ್ಲ ಅಮ್ಮ. ಬಂದೋರು ಒಂದ್ಸಲ ಕಚ್ಚಿಸ್ಕೊಂಡ್ರೆ ಮಾರನೇ ದಿನ ಬರಲ್ಲ. ನೀವು ಬರ್ತೀರಾ?"

"ನಂಗೆ ಮಂಡಿ ನೋವು ಭಾಯ್."

"ವ್ಯಾನಿದೆ. ಬಕೆಟ್ ಎತ್ತೋಕೆ ಡ್ರೈವರ್ ಇದಾನೆ. ಕೈ ಮಾತ್ರ ನಿಮ್ದು."

ಅವಳು ಒಪ್ಪಿಕೊಂಡು ಬಂದದ್ದಕ್ಕೆ ಕಾಶಿನಾಥ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ತಾನೇ ಹೋಗಿ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ತಂದುಕೊಟ್ಟ. ಅವಳು ಒಂದು ವಾರ ಹಾಕಿ ಬಿಸಾಕಿದಳು, ಒಳಗೆ ಬೆವರುತ್ತದೆ ಎಂದು. ಯಲಹಂಕದ ಒಂದು ಕ್ಲಿನಿಕ್ಕು, ಹೆಬ್ಬಾಳದ ಎರಡು ಅಪಾರ್ಟ್‌ಮೆಂಟು, ಜಾಲಹಳ್ಳಿಯ ಒಬ್ಬ ನಿವೃತ್ತ ಮೇಷ್ಟರ ಮನೆ, ಹೀಗೆ ವಾರಕ್ಕೆ ನಾಲ್ಕು ದಿನ ತಿರುಗಾಟ ಶುರುವಾಯಿತು. ಮಂಡಿ ನೋಯುತ್ತಲೇ ಇದೆ. ಪುಟ್ಟದು ಉಳಿಯಿತು, ಬಾಲ ಮತ್ತೆ ಬೆಳೆದರೂ ಒಂದು ಕಡೆ ಮೊಟಕು. ಜೀಷಾನ್ ಹೈದರಾಬಾದಿನಲ್ಲೇ ಉಳಿದುಕೊಂಡು, ತೊಟ್ಟಿ ನಿಮಗೇ ಇರಲಿ ಎಂದುಬಿಟ್ಟ.

ಮೊನ್ನೆ ಬೆಳಗ್ಗೆ ನೋಡಿದರೆ ಕುಡಿಕೆಯ ಹೊರಮೈಗೆ ಸಾಸಿವೆಯಷ್ಟು ಚಿಕ್ಕ ಮೊಟ್ಟೆಗಳು, ಒತ್ತೊತ್ತಾಗಿ ಅಂಟಿಕೊಂಡಿದ್ದವು. ಚಿಕ್ಕಣ್ಣ ಅವಕ್ಕೆ ರೆಕ್ಕೆಯಿಂದ ಗಾಳಿ ಬೀಸುತ್ತಿತ್ತು, ನಡುನಡುವೆ ಬಾಯಿಂದ ಒರೆಸುತ್ತಿತ್ತು. ಅದರ ಮೇಲಿನ ಸಿಟ್ಟು ಧನಲಕ್ಷ್ಮಿಗೆ ಇನ್ನೂ ಇಳಿದಿರಲಿಲ್ಲ. ಆದರೂ ಕಾಫಿ ಲೋಟ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಳು. ಕೆಳಗೆ ವ್ಯಾನಿನ ಹಾರನ್ ಕೇಳಿಸಿತು. ಅರ್ಧ ಕಾಫಿ ಅಲ್ಲೇ ಬಿಟ್ಟು, "ಬಂದೇಪ್ಪಾ, ಬಂದೆ!" ಎನ್ನುತ್ತ, ಗೋಡೆ ಹಿಡಿದು ಓರೆಯಾಗಿ ಮೆಟ್ಟಿಲಿಳಿದಳು.