ಹಾರ ಹಾಕಿಸಿಕೊಂಡ ಮಂತ್ರಿ

ನಂದಗುಡಿ ಕಡೆ ಸರ್ಕಾರ ಕಿತ್ತುಕೊಳ್ಳಲು ಹೊರಟ ಜಮೀನು ಉಳಿಸಿಕೊಳ್ಳಲು ಧರಣಿ ಕೂತಿದ್ದೆವು. ಟೆಂಟಿನ ಮುಂದೆ ಕಾರಿಳಿದವರಿಗೆಲ್ಲ ಬೆಂಬಲಕ್ಕೆ ಬಂದರೆಂದು ಹಾರ ಹಾಕುವುದು ನಮ್ಮ ಚಾಳಿ. ಅವತ್ತು ಅಧಿಕಾರಿಗಳ ಜೊತೆ ಇಳಿದ ಪರದೇಶದ ಮಂತ್ರಿಗೂ ನಮ್ಮ ಮುನಿಯಮ್ಮ ಹಾಕಿದಳು.

"ಸಾಹೇಬ್ರೂ ಹೋರಾಟಗಾರರೇ," ಅಂದ ಮಂತ್ರಿಯ ಜೊತೆಗಿದ್ದ ದುಭಾಷಿ. "ಯುದ್ಧದಲ್ಲಿ ಊರು ಬಿಟ್ಟೋರಿಗೆ ಜಮೀನು ವಾಪಸ್ ಕೊಡಿಸ್ತೀನಿ ಅಂತ ಹೇಳೇ ಎಲೆಕ್ಷನ್ ಗೆದ್ದಿದ್ದು."

"ಕೊಡಿಸಿದ್ರಾ?" ಅಂದೆ.

ಅವನು ಮಂತ್ರಿಯನ್ನು ಕೇಳಿ ಹೇಳಿದ: "ಈಗ ದೇಶ ಕಟ್ಬೇಕಲ್ಲ, ಆ ಜಮೀನಲ್ಲೆಲ್ಲ ಫ್ಯಾಕ್ಟರಿ ಬರುತ್ತಂತೆ. ಇಲ್ಲಿ ರೈತರಿಂದ ಜಮೀನು ಹೇಗೆ ಬಿಡಿಸ್ಕೋತಾರೆ ಅಂತ ನೋಡೋಕೆ ಬಂದಿದ್ದಾರೆ."

"ಬಾಂಬು ಬಿದ್ರೂ ಉಳಿದಿದ್ದ ನೆಲ ಕಣಪ್ಪಾ ಅದು," ಅಂದಳು ಮುನಿಯಮ್ಮ. "ಇದನ್ನೂ ಹೇಳು ಅವನಿಗೆ."

ದುಭಾಷಿ ಅಧಿಕಾರಿಗಳ ಮುಖ ನೋಡಿ, ಮಂತ್ರಿಯನ್ನು ಕಾರಿನ ಕಡೆ ಕರೆದೊಯ್ದ.

ನಮ್ಮ ಹೊಲಗಳೂ ಹೋದವೆಂದು ನನಗೆ ಆಗಲೇ ಗೊತ್ತಾಯಿತು. ಪರದೇಶದವರು ಬಂದು ಕಲಿಯುವಷ್ಟು ಪಳಗಿದ್ದಾರೆ ನಮ್ಮ ಅಧಿಕಾರಿಗಳು. ಬೇರೆ ಯಾವ ಕೆಲಸದಲ್ಲೂ ಈ ಸರ್ಕಾರಕ್ಕೆ ಇಷ್ಟು ಹೆಸರು ಬಂದಿಲ್ಲ.