ಬಾಲಚುಕ್ಕಿ ಮತ್ತು ಮೀಸಲು ಹಾಲು

“ನೌಕೆ ಬಾಲಚುಕ್ಕಿ ಹತ್ರಕ್ಕೇ ಹೋಗಿಲ್ಲ ಅಂತೀಯ, ಆದ್ರೂ ಅದರ ಕಣ ಸಿಕ್ತು ಅಂತೀಯ. ಹೋಗ್ದೆ ಹೆಂಗೆ ಸಿಗ್ತೈತೆ ತಾಯಿ?”

“ಅದೇ ಮಜಾ ತಾತ! ಬಾಲಚುಕ್ಕಿಯಿಂದ ಗ್ಯಾಸ್ ಹೊರಡ್ತೈತಲ್ಲ, ಬಿಸಿಲಿಗೆ ಅದರ ಕಣಕ್ಕೆ ಚಾರ್ಜ್ ಬರ್ತೈತೆ. ಸೂರ್ಯನ ಕಡೆಯಿಂದ ಬೀಸೋ ಗಾಳಿ ಅದನ್ನ ಎಳ್ಕೊಂಡು ಓಡ್ತೈತೆ. ಲಕ್ಷಾಂತರ ಕಿಲೋಮೀಟರ್ ಆಚೆ ಇದ್ದ ನೌಕೆಗೇ ಬಂದು ಬಡಿದ್ವಂತೆ! ಅಂಥ ಭಾರದ ಕಣ, ಅಷ್ಟು ಜೋರಾಗಿ!”

ಕಾಲೇಜಿನಲ್ಲಿ ಇದನ್ನು ಕೇಳಿದಾಗಿನಿಂದ ಯಾರಿಗಾದರೂ ಹೇಳದೆ ನನಗೆ ನಿದ್ದೆ ಬರುವಂತಿರಲಿಲ್ಲ. ಆದರೆ ಚಿತ್ತಪ್ಪ ತಾತನ ಮುಖ ಇನ್ನಷ್ಟು ಬಾಡಿತು.

ಅವರು ನನ್ನಿವಾಳ ಊರಿನ ಕಿಲಾರಿ, ದೇವರ ದನಗಳನ್ನು ಕಾಯುವವರು. ಹುಡುಗನಾಗಿದ್ದಾಗ ಹಿಡಿದ ಕೋಲನ್ನು ಇನ್ನೂ ಕೆಳಗಿಟ್ಟಿಲ್ಲ. ದನದ ರೊಪ್ಪದೊಳಗೆ ಚಪ್ಪಲಿ ಮೆಟ್ಟುವುದಿಲ್ಲ. ಹುಲ್ಲುಗಾವಲಿಗೆ ಬೇಲಿ ಬಂದ ವರ್ಷ, ದೂರದ ಗುಡ್ಡದವರೆಗೂ ದನ ಹೊಡೆದುಕೊಂಡು ಹೋಗಿ ಮೇಯಿಸಿದರು. ಆ ಹಸುಗಳ ಹಾಲು ಮೀಸಲು. ಸೋಮವಾರ ದೇವರಿಗೆ ಎಡೆಯಾಗುವ ತನಕ ಯಾರೂ ಬಾಯಿಗಿಡುವಂತಿಲ್ಲ, ಅದಕ್ಕೆ ಮೈಲಿಗೆ ಸೋಕುವಂತಿಲ್ಲ.

ಟೀವಿಯಲ್ಲಿ ಬಾಲಚುಕ್ಕಿ ಕಂಡ ದಿನದಿಂದ ಅವರು ದನಗಳನ್ನು ಮೇಯಲು ಬಿಟ್ಟಿಲ್ಲ. ಅದರ ಧೂಳು ಹುಲ್ಲಿಗೆ ಬಿದ್ದು, ಹುಲ್ಲಿನಿಂದ ಹಾಲಿಗೆ ಬಂದರೆ? ಒಣ ಸೊಪ್ಪೆ ತಿಂದು ಹಸುಗಳ ಪಕ್ಕೆಲುಬು ಎದ್ದಿವೆ. ಅವರ ಭಯ ಬಿಡಿಸಲು ಬಂದ ನಾನೇ ಅದಕ್ಕೆ ಸಾಕ್ಷಿ ಒದಗಿಸಿದ್ದೆ!

“ದನ ಉಪವಾಸ ಕೆಡವಿದ್ರೆ ದೇವರು ಮೆಚ್ತಾನೇನು?” ಎಂದು ಅವರ ಹೆಂಡತಿ ರಂಗಕ್ಕ ಚುಚ್ಚಿದರು. “ಕರುಗಳಿಗೇ ಹಾಲಿಲ್ಲ, ಈವಯ್ಯಂಗೆ ಚುಕ್ಕಿ ಚಿಂತೆ.”

“ನೌಕೆ ಇರೋ ಕಡೆ ನಾವು ಉಸಿರಾಡೋ ಗಾಳಿನೇ ಇಲ್ರಿ ತಾತ,” ನಾನು ಅವಸರವಾಗಿ ಹೇಳಿದೆ. “ನಮಗೆ ಮೇಲೆ ಗಾಳಿ ಕಂಬಳಿ ಹೊದ್ದಂಗೈತೆ. ಅಂಥ ಕಣ ಅಲ್ಲೇ ನಿಂತುಬಿಡ್ತಾವೆ.”

“ಕಂಬಳಿ ಮಳೆ ತಡೀತೈತೆ, ನಿಜ. ಆದ್ರೆ ಮುಳ್ಳು ಹತ್ತೋದೂ ಕಂಬಳಿಗೇ ಅಲ್ವಾ?”

ರೊಪ್ಪದೊಳಗೆ ಒಂದು ಕರು ತಾಯಿಯ ಬತ್ತಿದ ಕೆಚ್ಚಲನ್ನು ಗುದ್ದಿ ಗುದ್ದಿ, ಸೋತು ಅರಚಿತು. ತಾತ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ರೊಪ್ಪದ ಬಾಗಿಲಿಗೆ ಅಡ್ಡವಿದ್ದ ಮುಳ್ಳಿನ ಪಡಗನ್ನು ಪಕ್ಕಕ್ಕೆ ಎಳೆದರು. ದನಗಳು ನುಗ್ಗಿಕೊಂಡು ಹುಲ್ಲಿನತ್ತ ಓಡಿದವು.

“ಈ ಸೋಮವಾರ ಹಾಲು ಕರೆಯಲ್ಲ,” ಎಂದರು. “ಕರುಗಳೇ ಕುಡೀಲಿ. ಮೈಲಿಗೆ ಇದ್ರೂ ದೇವರ ತನಕ ಹೋಗಲ್ಲ.”

ರಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಾತನ ಕಾಲದಲ್ಲಿ ಎಡೆ ತಪ್ಪಿದ ಸೋಮವಾರ ಇರಲಿಲ್ಲ.

“ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ,” ಎಂದರು ತಾತ. “ಮುಂದಿನ ವಾರ ಬಾ ತಾಯಿ. ಕರು ಕುಣೀತಿದ್ರೆ ಆ ಸೋಮವಾರ ಕರೀತೀನಿ. ನೀನೂ ಎದುರಿಗಿರ್ಬೇಕು.”

“ಬೆಳಗ್ಗೇನೇ ಬರ್ತೀನಿ ತಾತ.”

“ಚಪ್ಪಲಿ ಆಚೆ ಬಿಟ್ಟು ಬಾ.”