ಮಾತಿಗೆ ಕಾಯುವ ರೇಡಿಯೋ

ಕಂಡಕ್ಟರಿಗೆ ಲಕ್ವ ಹೊಡೆದಾಗ ಕೈಕಾಲಿಗೆ ಅಂಥ ಪೆಟ್ಟೇನೂ ಬೀಳಲಿಲ್ಲ, ಹೋದದ್ದು ಮಾತು. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ಏಳಬೇಕು, ಅಂಥ ಗಂಟಲು ಆತನದು. ಹಾರನ್ ಕೆಟ್ಟರೂ ಚಿಂತೆಯಿಲ್ಲ ಎಂದು ಡ್ರೈವರು ತಮಾಷೆ ಮಾಡುತ್ತಿದ್ದ. ಈಗ ಆ ಮನುಷ್ಯ ನೀರು ಬೇಕಾದರೆ ಲೋಟ ತೋರಿಸುತ್ತಿದ್ದ. ಎಲ್ಲವೂ ಅರ್ಥವಾಗುತ್ತಿತ್ತು, ನಾಲಿಗೆಗೆ ಮಾತ್ರ ಏನೂ ಬರುತ್ತಿರಲಿಲ್ಲ. ನೆಂಟರು ಬಂದರೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಮಾತು ಕಲಿಸುವವರು ಇದ್ದದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ. ಹೆಂಡತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ದಿನಾ ಕರೆದೊಯ್ಯುವುದು ಆಗದ ಮಾತು. ಅಲ್ಲಿನ ನರ್ಸೇ ಒಂದು ದಾರಿ ಹೇಳಿದಳು: ನಿಮ್ಮೂರಿನ ಕಾಲೇಜಿಗೆ ಸ್ವಂತ ರೇಡಿಯೋ ಇದೆಯಲ್ಲ, ಅದರಲ್ಲಿ ಬೆಳಿಗ್ಗೆ ಮಾತು ಕಳೆದುಕೊಂಡವರಿಗಾಗಿ ಪಾಠ ಬರುತ್ತದೆ, ಕೇಳಿಸಿ.

ಪಾಠವೆಂದರೆ ಇಷ್ಟೇ. ಒಬ್ಬ ವಿದ್ಯಾರ್ಥಿನಿ ಒಂದು ಪದ ನಿಧಾನವಾಗಿ ಹೇಳುತ್ತಾಳೆ: "ಬಾಗಿಲು." ಆಮೇಲೆ ಸುಮ್ಮನಾಗಿ, ಕೇಳುವವರು ಹೇಳಲಿ ಎಂದು ಕಾಯುತ್ತಾಳೆ. ಜಾಹೀರಾತಿನ ರೇಡಿಯೋದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲು ಯಾರು ಬಿಟ್ಟಾರು? ಮೊದಮೊದಲು ಪೆಟ್ಟಿಗೆ ಕೆಟ್ಟಿತೇನೋ ಎಂದುಕೊಂಡು ಹೆಂಡತಿ ಅದರ ನೆತ್ತಿಗೆ ಎರಡು ಬಾರಿಸಿದ್ದೂ ಉಂಟು. ಕಂಡಕ್ಟರು ಗೋಡೆಗೆ ಮುಖ ಮಾಡಿ ಕೂತು ತುಟಿ ಆಡಿಸುತ್ತಿದ್ದ. ವಾರಗಳು ಕಳೆದ ಮೇಲೆ "ಬಾ" ಬಂತು. ಇನ್ನಷ್ಟು ದಿನಕ್ಕೆ "ಗಿಲು" ಬಂದು ಅದಕ್ಕೆ ಸೇರಿಕೊಂಡಿತು. ಆವತ್ತು ಹೆಂಡತಿ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡಳು, ನಗುನಗುತ್ತಲೇ ಬೈಸಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ, ಪಾಠ ಮುಗಿದ ಮೇಲೆ, ಕಾಲೇಜಿನ ಮೇಡಂ ದನಿ ಬಂತು. ಈ ಕಾರ್ಯಕ್ರಮಕ್ಕೆ ಇದುವರೆಗೆ ಒಂದು ಫೋನೂ ಬಂದಿಲ್ಲ, ಯಾರೂ ಕೇಳುತ್ತಿಲ್ಲವೆಂದು ಕಾಣುತ್ತದೆ, ಈ ವಾರಕ್ಕೆ ಮುಗಿಸುತ್ತೇವೆ ಎಂದರು. ಕಂಡಕ್ಟರು ಗೋಡೆಯಿಂದ ತಿರುಗಿ ಹೆಂಡತಿಯತ್ತ ನೋಡಿದ. ಹೆಂಡತಿಗೆ ಸಿಟ್ಟು ಬಂತು.

"ಮಾತೇ ಬಾರದವರು ಫೋನ್ ಮಾಡಿ ಏನಂತಾರೆ? ಏಳ್ರೀ, ಹೋಗೋಣ," ಎಂದಳು.

ಆಸ್ಪತ್ರೆಗಲ್ಲದೆ ಬೇರೆ ಕಡೆಗೆ ಆತ ಹೊಸಿಲು ದಾಟಿದ್ದು ಕಾಯಿಲೆ ಬಂದ ಮೇಲೆ ಅದೇ ಮೊದಲು. ದಾರಿಯುದ್ದಕ್ಕೂ ಹೆಂಡತಿಯ ಸೆರಗಿನ ಹಿಂದೆಯೇ ನಡೆದ. ಕಾಲೇಜಿನ ಮೆಟ್ಟಿಲು ಹತ್ತಿ ರೇಡಿಯೋ ಕೋಣೆಯ ಮುಂದೆ ಬಂದರೆ ಬೆಂಚಿನಲ್ಲಿ ಕೂರಲು ಜಾಗವಿಲ್ಲ. ಕೋಲೂರಿದ ಮುದುಕ, ಮಗಳ ತೋಳು ಹಿಡಿದ ಟೀಚರಮ್ಮ, ಬಾಯಿ ಒಂದು ಕಡೆ ಸೊಟ್ಟಗಾದ ಬಡಗಿ. ಎಲ್ಲರೂ ಅದೇ ಕೆಲಸಕ್ಕೆ ಬಂದವರು. ಅಷ್ಟು ಜನ ಸೇರಿದ್ದರೂ ಸದ್ದೇ ಇಲ್ಲ.

ಮೇಡಂ ಹೊರಗೆ ಬಂದು, ಯಾರು ಬೇಕಿತ್ತು ಎಂದು ಕೇಳಿದರು. ಕಂಡಕ್ಟರ ಕೊರಳ ನರ ಉಬ್ಬಿತು. ತಾನೇ ಹೇಳಿಬಿಡೋಣವೆಂದು ಬಾಯಿ ತೆರೆದ ಹೆಂಡತಿ ಹಾಗೇ ಮುಚ್ಚಿಕೊಂಡಳು. ಮೇಡಂ ಕೂಡ ಅವಸರ ಮಾಡದೆ ಕಾದರು.

"ಕೇ... ಕೇಳ್ತೀವಿ," ಎಂದ ಕಂಡಕ್ಟರು.

ಮೇಡಂ ಬೆಂಚಿನ ಕಡೆ ನೋಡಿದರು. ಮುದುಕ ತಲೆಯಾಡಿಸಿದ. ಟೀಚರಮ್ಮ ಕೈ ಎತ್ತಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೀವಿದ್ದೀರಿ ಅಂತ ನಮಗೆ ಗೊತ್ತೇ ಆಗ್ಲಿಲ್ಲ," ಎಂದರು.

ಪಾಠ ನಿಲ್ಲಲಿಲ್ಲ. ಶನಿವಾರ ಆ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಕಾಲೇಜಿನ ಹುಡುಗಿಯರು ಅಭ್ಯಾಸ ಮಾಡಿಸತೊಡಗಿದರು. ಎಲ್ಲ ಮಾತೂ ಮರಳಿತೆಂದಲ್ಲ. ಕೆಲವು ಪದಗಳು ಇವತ್ತಿಗೂ ಆತನ ಜೊತೆ ಕಣ್ಣಾಮುಚ್ಚಾಲೆ ಆಡುತ್ತವೆ. ಆದರೆ ಮೊನ್ನೆ ಟೀಗೆ ಸಕ್ಕರೆ ಸಾಲದೆಂದು ಮುರುಕು ಮಾತಿನಲ್ಲೇ ಹೆಂಡತಿಯ ಮೇಲೆ ಜಗಳಕ್ಕೆ ಬಂದನಂತೆ. ಆಕೆ ಆ ಜಗಳವನ್ನು ಲಾಂಡ್ರಿಯಲ್ಲಿ ಎಲ್ಲರಿಗೂ, ಒಬ್ಬರನ್ನೂ ಬಿಡದೆ, ಹೇಳಿಕೊಂಡು ಬಂದಳು.